ದೊಡ್ಡ ಲ್ಯಾಂಕಾಸ್ಟರ್ ಮಾಡೆಲ್ ಕಟ್ಟುವುದು ಹೇಗೆ: ಮುಚ್ಚುವ ಮೊದಲು ಯೋಚಿಸಿ

ಕಿಟ್ ಕೊಳ್ಳುವ ಮೊದಲು ಅಳತೆ ಟೇಪ್ ಹಿಡಿದು ಜಾಗ ನೋಡಿಕೊಳ್ಳಿ. ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನವಾದ ಆವ್ರೋ ಲ್ಯಾಂಕಾಸ್ಟರ್ ಬಾಂಬರ್‌ನ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ 102 ಅಡಿ, ಅಂದರೆ 31 ಮೀಟರ್. 1/72 ಸ್ಕೇಲಿನಲ್ಲಿ, ಅಂದರೆ ನಿಜವಾದ ಗಾತ್ರದ 72ರಲ್ಲಿ ಒಂದು ಪಾಲಿನಲ್ಲಿ, ಅದು 43 ಸೆಂ.ಮೀ. ಆಗುತ್ತದೆ, 1/48ರಲ್ಲಿ 65, 1/32ರಲ್ಲಿ 97. ಕೊನೆಯದು ಹತ್ತಿರ ಹತ್ತಿರ ಒಂದು ಮೀಟರ್. ಇಡೋಕೆ ಜಾಗ ಇದ್ದರೆ ಸಾಲದು, ಕೆಲಸದ ಮೇಜಿನ ಮೇಲೆ ಅದನ್ನು ತಿರುಗಿಸಬೇಕು, ಮಗುಚಬೇಕು, ಬಣ್ಣ ಹೊಡೆದು ಒಣಗಿಸಬೇಕು. ಅಷ್ಟು ಜಾಗ ಇಲ್ಲ ಅಂದರೆ 1/48 ತಗೊಳ್ಳಿ. ಅದೂ ಚಿಕ್ಕದೇನಲ್ಲ.

ಭಾಗಗಳು ಜಾಸ್ತಿ ಇರುವುದರಿಂದ ದೊಡ್ಡ ಬಾಂಬರ್ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ನಿಜವಾದ ಕಷ್ಟ ಎರಡು: ಒಂದು ತೂಕ, ಇನ್ನೊಂದು ಒಮ್ಮೆ ಅಂಟಿಸಿ ಮುಚ್ಚಿದ ಮೇಲೆ ಕೈ ಹೋಗದ ಜಾಗಗಳು. ಹಾಗಾಗಿ ಮೊದಲ ಸಂಜೆ ಅಂಟನ್ನು ಮುಟ್ಟಲೇಬೇಡಿ. ಸೂಚನೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಯಾವ ಹಂತದಲ್ಲಿ ಏನು ಮುಚ್ಚಿಹೋಗುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಪುಸ್ತಕದ ಕ್ರಮವೇ ಬಣ್ಣ ಹೊಡೆಯುವುದಕ್ಕೂ ಅನುಕೂಲವಾಗಿರುತ್ತದೆ ಅಂತ ನಂಬಬೇಡಿ. ಸಾಮಾನ್ಯವಾಗಿ ಇರೋದಿಲ್ಲ.

ಯಾವ ವಿಮಾನ ಮಾಡುತ್ತೀರಿ ಅನ್ನುವುದನ್ನೂ ಆಗಲೇ ನಿರ್ಧರಿಸಿ. ಸುಮ್ನೆ 'ಒಂದು ಲ್ಯಾಂಕಾಸ್ಟರ್' ಅಂತ ಮಾಡುವುದಕ್ಕಿಂತ ಹೆಸರು, ನಂಬರ್ ಇರುವ ಒಂದು ವಿಮಾನ ಆರಿಸಿಕೊಳ್ಳಿ. ಲಂಡನ್ನಿನ ಆರ್‌ಎಎಫ್ (ಬ್ರಿಟನ್ನಿನ ವಾಯುಪಡೆ) ಮ್ಯೂಸಿಯಂನಲ್ಲಿರುವ ಆರ್5868, 'ಎಸ್ ಫಾರ್ ಶುಗರ್', 137 ಕಾರ್ಯಾಚರಣೆ ಮುಗಿಸಿ ಉಳಿದುಕೊಂಡದ್ದು. ಒಟ್ಟು 7,377 ಲ್ಯಾಂಕಾಸ್ಟರ್‌ಗಳು ತಯಾರಾದವು, ಅವುಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಯುದ್ಧದಲ್ಲೇ ಹೋದವು. ಒಂದೊಂದರಲ್ಲೂ ಏಳು ಜನ ಇರುತ್ತಿದ್ದರು. ಆರ್‌ಎಎಫ್‌ನ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್ ಕಳೆದುಕೊಂಡ ವಿಮಾನ ಸಿಬ್ಬಂದಿ 55,573. ಮೇಜಿನ ಮೇಲಿರುವುದು ಯಾರೋ ಕೂತು ಹಾರಿದ ವಿಮಾನ ಅಂತ ಗೊತ್ತಿದ್ದರೆ ಕೆಲಸದಲ್ಲಿ ಶ್ರದ್ಧೆ ತಾನಾಗೇ ಬರುತ್ತದೆ. ಇನ್ನೊಂದು ಮಾತು: ಇವತ್ತಿಗೂ ಹಾರುವ ಸ್ಥಿತಿಯಲ್ಲಿರುವ ಎರಡು ಲ್ಯಾಂಕಾಸ್ಟರ್‌ಗಳು, ಬ್ರಿಟನ್ನಿನ ಪಿಎ474 ಮತ್ತು ಕೆನಡಾದ ಎಫ್ಎಂ213, ಎರಡೂ 1945ರಲ್ಲಿ ತಯಾರಾದವು, ಬಾಂಬ್ ದಾಳಿಗೆ ಹೋದವಲ್ಲ. ಆಕಾರಕ್ಕೆ ಅವುಗಳ ಫೋಟೋ ಬಹಳ ಒಳ್ಳೆಯದು. ಬಣ್ಣ, ಕೊಳೆ, ಒಳಗಿನ ಸಲಕರಣೆಗೆ ಮಾತ್ರ ಯುದ್ಧಕಾಲದ ಕಪ್ಪುಬಿಳುಪು ಫೋಟೋಗಳನ್ನೇ ನೋಡಿ.

ಸ್ಪ್ರೂಗಳನ್ನು (ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳನ್ನು) ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಕತ್ತರಿಸುವಾಗ ಭಾಗಕ್ಕೆ ಅಂಟಿಕೊಂಡೇ ಕತ್ತರಿಸಬೇಡಿ, ಸ್ವಲ್ಪ ದೂರದಲ್ಲಿ ಕತ್ತರಿಸಿ ಉಳಿದದ್ದನ್ನು ಬ್ಲೇಡಿನಲ್ಲಿ ಕೆರೆಯಿರಿ.

ಒಳಭಾಗಕ್ಕೆ ಎಷ್ಟು ಸಮಯ ಕೊಡಬೇಕು? ನನ್ನ ಪ್ರಕಾರ ಕಾಕ್‌ಪಿಟ್, ಮೂತಿಯಲ್ಲಿ ಬಾಂಬ್ ಏಮರ್ (ಬಾಂಬಿಗೆ ಗುರಿ ಹಿಡಿಯುವವನು) ಮಲಗುವ ಜಾಗ, ಗನ್ ಟರೆಟ್‌ಗಳು (ತಿರುಗುವ ಗನ್ ಗೂಡುಗಳು), ಇಷ್ಟಕ್ಕೆ ಮನಸ್ಸಿಟ್ಟು ಕೆಲಸ ಮಾಡಿ. ಗಾಜಿನ ಮೂಲಕ ಕಾಣುವುದು ಇವೇ. ಹಿಂದಿನ ಫ್ಯೂಸಲೇಜ್ (ವಿಮಾನದ ಉದ್ದನೆಯ ಮೈ) ಒಳಗೆ ಪೈಪು, ವೈರು ಅಂತ ವಾರಗಟ್ಟಲೆ ಕೂರಬೇಡಿ, ಮುಚ್ಚಿದ ಮೇಲೆ ಒಂದೂ ಕಾಣುವುದಿಲ್ಲ. ಆದರೆ ಬಾಂಬ್ ಬೇ (ಹೊಟ್ಟೆಯಲ್ಲಿ ಬಾಂಬ್ ಇಡುವ ಜಾಗ) ಬಾಗಿಲು ಮಾತ್ರ ತೆರೆದೇ ಇಡಿ. ಲ್ಯಾಂಕಾಸ್ಟರ್‌ನ ಹೆಚ್ಚುಗಾರಿಕೆಯೇ ಅದು. ನಡುವೆ ಯಾವ ತಡೆಯೂ ಇಲ್ಲದ 33 ಅಡಿ ಉದ್ದದ ಜಾಗ, 1/32ರಲ್ಲಿ 31 ಸೆಂ.ಮೀ. ಅಲ್ಲಿ 4,000 ಪೌಂಡಿನ ಡ್ರಮ್ಮಿನಂಥ 'ಕುಕಿ' ಬಾಂಬ್, ಸುತ್ತ ಬೆಂಕಿ ಬಾಂಬಿನ ಪೆಟ್ಟಿಗೆಗಳನ್ನು ಇಟ್ಟರೆ ಈ ವಿಮಾನವನ್ನು ಯಾಕೆ ಕಟ್ಟಿದರು ಅಂತ ನೋಡಿದವರಿಗೆ ಅರ್ಥವಾಗುತ್ತದೆ.

ಈಗ ಮುಖ್ಯ ಕೆಲಸ, ಫ್ಯೂಸಲೇಜಿನ ಎರಡು ಹೋಳು ಸೇರಿಸುವುದು. ಪೂರ್ತಿ ಉದ್ದಕ್ಕೆ ಅಂಟು ಬಳಿದು ಒತ್ತಿ ಹಿಡಿಯುವುದು ಚಿಕ್ಕ ಫೈಟರ್‌ಗೆ ನಡೆಯುತ್ತದೆ, ಇದಕ್ಕೆ ನಡೆಯಲ್ಲ. ಅಂಟಿಲ್ಲದೆ ಎರಡನ್ನೂ ಜೋಡಿಸಿ, ಅಲ್ಲಲ್ಲಿ ಮಾಸ್ಕಿಂಗ್ ಟೇಪ್ ಸುತ್ತಿ. ಆಮೇಲೆ ಬಾಲದ ಕಡೆಯಿಂದ ಶುರು ಮಾಡಿ ಐದಾರು ಸೆಂಟಿಮೀಟರ್ ಜಾಗವನ್ನು ಮಾತ್ರ ಬೆರಳಲ್ಲಿ ಸಮ ಮಾಡಿ ಹಿಡಿದು, ತೆಳು ಸಿಮೆಂಟನ್ನು (ನೀರಿನಂಥ ಪ್ಲಾಸ್ಟಿಕ್ ಅಂಟು) ಬ್ರಷ್ಷಿನ ತುದಿಯಿಂದ ಗೆರೆಗೆ ಮುಟ್ಟಿಸಿ. ಅದು ತಾನಾಗೇ ಸಂದಿಯೊಳಗೆ ಓಡುತ್ತದೆ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಗೆರೆಯುದ್ದಕ್ಕೂ ಸಣ್ಣ ದಾರದ ಹಾಗೆ ಉಬ್ಬಿ ಬರುತ್ತದೆ. ಬಂದರೆ ಜೋಡಣೆ ಗಟ್ಟಿ ಅಂತ ಅರ್ಥ. ಒರೆಸಬೇಡಿ, ಮುಟ್ಟಬೇಡಿ. ಎರಡು ದಿನ ಒಣಗಲು ಬಿಟ್ಟು, ಬ್ಲೇಡನ್ನು ನೇರ ನಿಲ್ಲಿಸಿ ಕೆರೆದು, 400ರಿಂದ 1000ದವರೆಗಿನ ಸ್ಯಾಂಡ್ ಪೇಪರನ್ನು ನೀರು ಹಾಕಿ ಉಜ್ಜಿ. ಹೀಗೆ ಮಾಡಿದರೆ ಪುಟ್ಟಿ ಬಹಳ ಕಡೆ ಬೇಕಾಗುವುದೇ ಇಲ್ಲ. ಬೂದು ಪ್ರೈಮರ್ ಹೊಡೆದು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಉಳಿದ ಸಂದಿಗಳು ಎದ್ದು ಕಾಣುತ್ತವೆ. ಉಜ್ಜಿ ಹೋದ ಪ್ಯಾನೆಲ್ ಲೈನ್‌ಗಳನ್ನು (ಮೈಮೇಲಿನ ತಗಡು ಜೋಡಣೆಯ ಗೆರೆಗಳನ್ನು) ದಪ್ಪ ಟೇಪಿನ ಅಂಚು ಹಿಡಿದು ಸ್ಕ್ರೈಬರ್‌ನಿಂದ (ಗೆರೆ ಕೊರೆಯುವ ಮೊನೆಯಿಂದ) ಮತ್ತೆ ಕೆತ್ತಿ.

ರೆಕ್ಕೆಗೆ ಬರೋಣ. ಲ್ಯಾಂಕಾಸ್ಟರ್ ರೆಕ್ಕೆಯ ಮಧ್ಯಭಾಗ ಸಮತಟ್ಟು, ಒಳಗಿನ ಎಂಜಿನ್‌ಗಳನ್ನು ದಾಟಿದ ಮೇಲೆ ಮೇಲಕ್ಕೆ ಏರುತ್ತದೆ. ಈ ಏರು ಎರಡೂ ಕಡೆ ಒಂದೇ ಇರಬೇಕು. ಸ್ಪಾರ್ (ರೆಕ್ಕೆಯೊಳಗಿನ ತೊಲೆ) ಅಂಟಿಸಿದ ಕೂಡಲೇ ಮೇಜಿನಿಂದ ಎರಡೂ ರೆಕ್ಕೆತುದಿಗಳ ಎತ್ತರವನ್ನು ಸ್ಕೇಲಿನಲ್ಲಿ ಅಳೆಯಿರಿ, ವ್ಯತ್ಯಾಸ ಇದ್ದರೆ ಅಂಟು ಮೆತ್ತಗಿರುವಾಗಲೇ ಕೆಳಗೆ ಪುಸ್ತಕ ಕೊಟ್ಟು ಸರಿ ಮಾಡಿ. ಮೂರು ಮಿಲಿಮೀಟರ್ ತಪ್ಪಿದರೂ ಎದುರಿನಿಂದ ನೋಡಿದವರ ಕಣ್ಣಿಗೆ ಬೀಳುತ್ತದೆ. ಬಾಲದ ಎರಡು ಫಿನ್‌ಗಳಿಗೆ (ನೆಟ್ಟಗೆ ನಿಲ್ಲುವ ಹಲಗೆಗಳಿಗೆ) ಮೂಲೆಮಟ್ಟ ಹಿಡಿದು ನೋಡಿ.

ತೂಕದ ಮಾತು. ಲ್ಯಾಂಕಾಸ್ಟರ್ ಬಾಲದ ಚಕ್ರದ ಮೇಲೆ ಕೂರುವ ವಿಮಾನ, ಹಾಗಾಗಿ ಮೂತಿಗೆ ತೂಕ ತುಂಬುವ ತಲೆನೋವಿಲ್ಲ. ಬಿ-24, ಬಿ-25, ಬಿ-29 ಥರದ ಮೂತಿ ಚಕ್ರದ ವಿಮಾನ ಕಟ್ಟುವವರು ಮಾತ್ರ ಫ್ಯೂಸಲೇಜ್ ಮುಚ್ಚುವ ಮೊದಲೇ ಸೀಸದ ಗುಂಡು ಇಟ್ಟು, ಚಕ್ರದ ಜಾಗದಲ್ಲಿ ಆನಿಸಿ ಪರೀಕ್ಷೆ ಮಾಡಲೇಬೇಕು, ಇಲ್ಲದಿದ್ದರೆ ಮಾಡೆಲ್ ಮೂತಿ ಎತ್ತಿ ಬಾಲದ ಮೇಲೆ ಕೂತುಬಿಡುತ್ತದೆ. ಕಾಲುಗಳಿಗೆ ಮಾತ್ರ ಎಲ್ಲ ದೊಡ್ಡ ಮಾಡೆಲ್‌ಗೂ ಒಂದೇ ಸಲಹೆ: ಲೋಹದ ಲ್ಯಾಂಡಿಂಗ್ ಗೇರ್ ಸಿಕ್ಕರೆ ಹಾಕಿ. ಪ್ಲಾಸ್ಟಿಕ್ ಕಾಲು ವರ್ಷ ಕಳೆದಂತೆ ಬಾಗುತ್ತದೆ.

ಗಾಜಿನ ಭಾಗಗಳಿಗೆ ಸೂಪರ್ ಗ್ಲೂ ಹತ್ತಿರವೂ ತರಬೇಡಿ, ಅದರ ಹೊಗೆಗೆ ಗಾಜು ಬೆಳ್ಳಗಾಗುತ್ತದೆ. ಬಿಳಿ ಫೆವಿಕಾಲ್ ಥರದ ಅಂಟು ಸಾಕು. ಲ್ಯಾಂಕಾಸ್ಟರ್ ಕಾನಪಿಯಲ್ಲಿ (ಕಾಕ್‌ಪಿಟ್ಟಿನ ಗಾಜಿನ ಮುಚ್ಚಳ) ಪಟ್ಟಿಗಳು ಬಹಳ, ಗಾಜಿಗೆ ಬಣ್ಣ ತಾಗದಂತೆ ಅಂಟಿಸುವ, ಮೊದಲೇ ಕತ್ತರಿಸಿದ ಮಾಸ್ಕ್ ಸಿಗುತ್ತದೆ, ಕೊಂಡುಬಿಡಿ. ಪಟ್ಟಿಗಳಿಗೆ ಮೊದಲು ಒಳಗಿನ ಬಣ್ಣ, ಅದರ ಮೇಲೆ ಹೊರಗಿನ ಬಣ್ಣ.

ಬಣ್ಣಕ್ಕೆ ಈ ಗಾತ್ರದಲ್ಲಿ ಏರ್‌ಬ್ರಷ್ ಬೇಕೇ ಬೇಕು. ಕಿಟಕಿ ತೆರೆದು, ಮಾಸ್ಕ್ ಹಾಕಿಕೊಂಡು ಹೊಡೆಯಿರಿ. ಮೇಲ್ಭಾಗಕ್ಕೆ ಮೊದಲು ಡಾರ್ಕ್ ಅರ್ಥ್ (ಮಣ್ಣಿನ ಕಂದು), ಆಮೇಲೆ ಡಾರ್ಕ್ ಗ್ರೀನ್, ಕೊನೆಗೆ ಕೆಳಭಾಗ ಮತ್ತು ಪಕ್ಕಗಳಿಗೆ ಕಪ್ಪು. ರಾತ್ರಿ ಹಾರುವ ವಿಮಾನ ಅಂತಲೇ ಆ ಕಪ್ಪು. ಆದರೆ ಬಾಟಲಿಯ ಅಚ್ಚ ಕಪ್ಪು ಹೊಡೆದರೆ ಮಾಡೆಲ್ ಆಟಿಕೆಯಾಗಿ ಕಾಣುತ್ತದೆ, ಸ್ವಲ್ಪ ಬೂದು ಬೆರೆಸಿ. ಒಂದು ಮೀಟರ್ ಅಗಲದ ಮೈ ಪೂರ್ತಿ ಒಂದೇ ಬಣ್ಣವಾದರೆ ಸಪ್ಪೆ, ಅಲ್ವಾ? ಅದೇ ಬಣ್ಣಕ್ಕೆ ಸ್ವಲ್ಪ ತಿಳಿ ಬಣ್ಣ ಬೆರೆಸಿ, ಚೆನ್ನಾಗಿ ತೆಳು ಮಾಡಿ, ಪ್ಯಾನೆಲ್‌ಗಳ ನಡುವೆ ಅಲ್ಲಲ್ಲಿ ಮೋಡದಂತೆ ಹೊಡೆಯಿರಿ.

ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಅಂಟಿಸುವ ಮೊದಲು ಹೊಳಪಿನ ವಾರ್ನಿಶ್ (ಗ್ಲಾಸ್ ಕೋಟ್) ಕೊಡಿ. ಇಲ್ಲದಿದ್ದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಮೆತ್ತಗೆ ಮಾಡುವ ದ್ರಾವಣ ಹಾಕಿದಾಗ ಡೆಕಾಲ್ ಸುಕ್ಕಾದರೆ ಗಾಬರಿಯಾಗಿ ಕೈ ಹಾಕಬೇಡಿ, ಒಣಗುವಾಗ ಕೂತುಕೊಳ್ಳುತ್ತದೆ. ರೆಕ್ಕೆಯ ಮೇಲೆ ಕೆಂಪು-ನೀಲಿಯ ರೌಂಡೆಲ್ (ವಾಯುಪಡೆಯ ದುಂಡು ಗುರುತು), ಕೆಳಗೆ ಯಾವ ರೌಂಡೆಲ್ಲೂ ಇಲ್ಲ. ಎಂಜಿನ್ ಹೊಗೆಯ ಕಲೆಯನ್ನು ಬರೀ ಕಪ್ಪಿನಲ್ಲಿ ಮುಗಿಸಬೇಡಿ, ಸೀಸ ಬೆರೆತ ಪೆಟ್ರೋಲ್ ಉರಿದ ಕಲೆ ತಿಳಿ ಬೂದಾಗಿರುತ್ತದೆ. ಎಲ್ಲ ಮುಗಿದ ಮೇಲೆ ಹೊಳಪಿಲ್ಲದ ಮ್ಯಾಟ್ ಕೋಟ್.

ಗನ್ನುಗಳು, ಆಂಟೆನಾ, ಪ್ರೊಪೆಲ್ಲರ್ ಕಟ್ಟಕಡೆಗೆ. ನಾಲ್ಕೂ ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗುತ್ತವೆ, ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು, ಬ್ಲೇಡ್ ಕೂರಿಸುವಾಗ ನೋಡಿಕೊಳ್ಳಿ. ಮುಗಿದ ಮಾಡೆಲನ್ನು ಎತ್ತುವಾಗ ರೆಕ್ಕೆತುದಿ ಹಿಡಿಯಬೇಡಿ. ಎರಡೂ ಅಂಗೈಯನ್ನು ರೆಕ್ಕೆ ಫ್ಯೂಸಲೇಜಿಗೆ ಸೇರುವ ಕಡೆ ಕೆಳಗೆ ಕೊಟ್ಟು ಎತ್ತಿ, ಬಾಗಿಲು ದಾಟಬೇಕಾದರೆ ಓರೆ ಮಾಡದೆ ಮೂತಿ ಒಂದು ಕಡೆ, ಬಾಲ ಒಂದು ಕಡೆ ಇರುವಂತೆ ಅಡ್ಡ ತಿರುಗಿಸಿ, ಒಂದು ರೆಕ್ಕೆ ಮುಂದಾಗಿ ಒಯ್ಯಿರಿ.