ಒಂದೇ ಶೀಟ್‌ನಲ್ಲಿ ಹಲವು ಊರುಗಳ ಗಡಿಯಾರ

ಗೂಗಲ್ ಶೀಟ್ಸ್‌ನಲ್ಲಿ ನಾಲ್ಕೈದು ದೇಶಗಳ ಸಮಯ ಒಟ್ಟಿಗೆ ಕಾಣಬೇಕಾ? ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನನ್ನು ಡೇಲೈಟ್ ಸೇವಿಂಗ್ (ಬೇಸಿಗೆಗೆ ಗಡಿಯಾರ ಮುಂದೆ ಇಡುವ ಪದ್ಧತಿ) ಇಲ್ಲದ ಜಿಎಂಟಿಗೆ, ಅಂದರೆ ಗ್ರೀನಿಚ್ ಸಮಯಕ್ಕೆ, ಬದಲಾಯಿಸಿ. ಅಲ್ಲೇ ಕ್ಯಾಲ್ಕ್ಯುಲೇಶನ್ ಟ್ಯಾಬ್‌ನಲ್ಲಿ ಪ್ರತಿ ನಿಮಿಷ ಅಪ್‌ಡೇಟ್ ಆಗುವ ಆಯ್ಕೆ ಇದೆ, ಅದನ್ನು ಆರಿಸಿ. ಆಮೇಲೆ ಒಂದು ಸೆಲ್‌ನಲ್ಲಿ ಈಗಿನ ತಾರೀಕು, ಸಮಯ ಕೊಡುವ ನೌ ಫಂಕ್ಷನ್, ಅಂದರೆ =NOW() ಹಾಕಿ. ಉಳಿದ ಸೆಲ್‌ಗಳಲ್ಲಿ ಅದಕ್ಕೆ ಜಿಎಂಟಿಯಿಂದ ಆಯಾ ಊರಿಗಿರುವ ಗಂಟೆಯ ವ್ಯತ್ಯಾಸವನ್ನು 24ರಿಂದ ಭಾಗಿಸಿ ಕೂಡಿಸಿ. ಟೋಕಿಯೋಗೆ 9/24, ಕಠ್ಮಂಡುವಿಗೆ 5.75/24. ಶೀಟ್‌ನ ಲೆಕ್ಕದಲ್ಲಿ ಒಂದು ಇಡೀ ದಿನ ಅಂದರೆ 1, ಹಾಗಾಗಿ ಒಂದು ಗಂಟೆ 1/24. ಸುಮ್ನೆ 9 ಕೂಡಿಸಿದರೆ ಒಂಬತ್ತು ದಿನ ಮುಂದಿನ ತಾರೀಕು ಬರುತ್ತದೆ. ಫಾರ್ಮ್ಯಾಟ್‌ನಲ್ಲಿ ಗಂಟೆಯ ಜೊತೆ ತಾರೀಕೂ ಇರಲಿ, ಅಲ್ಲಿ ಆಗಲೇ ನಾಳೆ ಆಗಿದೆಯಾ ಅಂತ ತಿಳಿಯಬೇಕಲ್ವಾ. ಲಂಡನ್, ನ್ಯೂಯಾರ್ಕ್‌ನಂಥ ಊರುಗಳಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಬೇಸಿಗೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಈ ಸೂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಅದೂ ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್‌ನಲ್ಲಿ ಕೊನೆಯ ಭಾನುವಾರ. ನ್ಯೂಯಾರ್ಕ್‌ಗೆ ಚಳಿಗಾಲದಲ್ಲಿ 5/24 ಕಳೆಯಿರಿ, ಬೇಸಿಗೆಯಲ್ಲಿ 4/24. ಸೆಕೆಂಡ್ ಮುಳ್ಳಿನಂತೆ ಓಡುವ ಗಡಿಯಾರ ಇದರಿಂದ ಆಗುವುದಿಲ್ಲ. ಎಕ್ಸೆಲ್‌ನಲ್ಲಿ ಸೂತ್ರ ಇದೇ ನಡೆಯುತ್ತದೆ, ಆದರೆ ಅಲ್ಲಿ ನೌ ಕಂಪ್ಯೂಟರಿನ ಸಮಯವನ್ನೇ ತೋರಿಸುತ್ತದೆ, ಹಾಗಾಗಿ ವ್ಯತ್ಯಾಸವನ್ನೂ ಅದರಿಂದಲೇ ಲೆಕ್ಕ ಹಾಕಬೇಕು; ಜೊತೆಗೆ ಅದು ಫೈಲ್ ತೆರೆದಾಗ, ಏನಾದರೂ ಎಡಿಟ್ ಮಾಡಿದಾಗ ಅಥವಾ ಎಫ್9 ಒತ್ತಿದಾಗಲೇ ಬದಲಾಗುತ್ತದೆ.