ಸಭಾಂಗಣ ಬಿಟ್ಟು ಕ್ಲಾಸ್‌ರೂಮಿಗೆ ಬಂದ ಮೇಲೆ

ಆಡಳಿತ, ರಾಜಕೀಯದ ಬಗ್ಗೆ ಅತಿಥಿಗಳನ್ನು ಕರೆಸಿ ಮಾತಾಡಿಸಲು ಕಾಲೇಜಿನಲ್ಲಿ ನಾವು ಕಟ್ಟಿದ ಕ್ಲಬ್‌ನ ಮೊದಲ ಕಾರ್ಯಕ್ರಮಕ್ಕೆ 200 ಕುರ್ಚಿಯ ಸಭಾಂಗಣ ತಗೊಂಡಿದ್ದೆವು. ಬಂದವರು 17 ಜನ. ಅದರಲ್ಲಿ 6 ಜನ ನಾವೇ. ಅತಿಥಿ ಒಬ್ಬ ನಿವೃತ್ತ ಹಿರಿಯ ಅಧಿಕಾರಿ. ನಾವು ಕೊಟ್ಟ ವಿಷಯ ‘ಆಡಳಿತ ಮತ್ತು ಯುವಜನ’. ಅವರು 70 ನಿಮಿಷ ಮಾತಾಡಿದರು. ‘ಪ್ರಶ್ನೆ ಇದ್ದರೆ ಕೇಳಿ’ ಅಂದಾಗ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ನಾನೇ ಎದ್ದು, ‘ಸರ್, ಯುವಕರಿಗೆ ನಿಮ್ಮ ಸಂದೇಶ ಏನು?’ ಅಂದೆ. ಅಷ್ಟು ಹೊತ್ತು ಅವರು ಹೇಳಿದ್ದು ಅದನ್ನೇ ಅಲ್ವಾ! ಈಗ ನೆನೆಸಿಕೊಂಡರೂ ಮುಜುಗರ ಆಗುತ್ತದೆ.

ತಪ್ಪು ಅವರದ್ದಲ್ಲ. ಅಷ್ಟು ದೊಡ್ಡ ವಿಷಯ ಕೊಟ್ಟರೆ ಯಾರಾದರೂ ಅಷ್ಟೇ ಉದ್ದ ಮಾತಾಡುತ್ತಾರೆ. ಆಮೇಲೆ ನಾವು ಮೊದಲು ಬದಲಾಯಿಸಿದ್ದು ಆಹ್ವಾನ ಪತ್ರವನ್ನು. ಹೊಗಳಿಕೆ ಎಲ್ಲ ತೆಗೆದು ನೇರವಾಗಿ ಬರೆದೆವು: ‘ನೀವೇ ಕೈಯಾರೆ ಮಾಡಿದ ಒಂದು ಕೆಲಸದ ಬಗ್ಗೆ 20 ನಿಮಿಷ ಹೇಳಿ. ಉಳಿದ 40 ನಿಮಿಷ ನಮ್ಮ ಪ್ರಶ್ನೆಗಳಿಗೆ.’ ಎಷ್ಟು ಜನ ಬರಬಹುದು ಅನ್ನುವುದನ್ನೂ ಸುಳ್ಳು ಹೇಳದೆ ಬರೆದೆವು. 25 ಜನ ಅಂದಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಒಂದಿಬ್ಬರು ಖುಷಿಪಟ್ಟರು ಕೂಡ.

ಸಭಾಂಗಣ ಬಿಟ್ಟು ಕ್ಲಾಸ್‌ರೂಮಿಗೆ ಬಂದೆವು. ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ವಂದನಾರ್ಪಣೆ ಮೂರನ್ನೂ ಸೇರಿಸಿ 3 ನಿಮಿಷಕ್ಕೆ ಇಳಿಸಿದೆವು. ಇದಕ್ಕೆ ಮಾತ್ರ ಕ್ಲಬ್‌ನಲ್ಲಿ ದೊಡ್ಡ ಜಗಳವೇ ಆಯಿತು. ಮೈಕ್ ಸಿಗುತ್ತದೆ ಅಂತಲೇ ಸೇರಿದವರೂ ಇದ್ದರು, ಪಾಪ.

ಎರಡನೇ ಅತಿಥಿ ನಿವೃತ್ತ ಗುಮಾಸ್ತರು. ಸರ್ವಿಸ್ ಪೂರ್ತಿ ಫೈಲ್‌ಗಳ ನಡುವೆ ಕಳೆದವರು. ‘ಗುಮಾಸ್ತರನ್ನು ಕರೆದರೆ ಯಾರು ಬರುತ್ತಾರೆ?’ ಅಂತ ನಮ್ಮಲ್ಲೇ ಕೆಲವರು ಗೊಣಗಿದ್ದರು. ಅವರು ಬಂದವರೇ ಬೋರ್ಡಿನ ಮೇಲೆ ಫೈಲ್ ಹೋಗುವ ದಾರಿ ಬರೆದರು. ಅರ್ಜಿ ಬರುತ್ತದೆ, ಆವಕ ರಿಜಿಸ್ಟರಿನಲ್ಲಿ ನಂಬರ್ ಬೀಳುತ್ತದೆ, ಟಿಪ್ಪಣಿ ಹಾಳೆ ಸೇರುತ್ತದೆ, ಮೇಲೆ ಹೋಗುತ್ತದೆ, ಪ್ರಶ್ನೆ ಹೊತ್ತುಕೊಂಡು ಮತ್ತೆ ಕೆಳಗೆ ಬರುತ್ತದೆ. ಒಬ್ಬಳು ಕೇಳಿದಳು, ‘ಸರ್, ಇಷ್ಟು ನಿಧಾನ ಯಾಕೆ?’

ಅವರು ಉತ್ತರ ಹೇಳಲಿಲ್ಲ. ‘ಈ ರೂಮಿಗೆ ಅರ್ಜಿ ಕೊಟ್ಟಿದ್ದೀರಲ್ಲ, ಅದು ಇದೆಯಾ?’ ಅಂದರು. ನನ್ನ ಚೀಲದಲ್ಲೇ ಇತ್ತು. ಕೈಗೆ ತಗೊಂಡು ಕಿಟಕಿಯ ಬೆಳಕಿಗೆ ಹಿಡಿದು ಸಹಿ ಎಣಿಸಿದರು. 5 ಇದ್ದವು. ‘ಇದರಲ್ಲಿ ಯಾರು ಬೇಡ ಅಂದಿದ್ದರೆ ರೂಮ್ ಸಿಗುತ್ತಿರಲಿಲ್ಲ?’ ಯೋಚಿಸಿ ನೋಡಿದರೆ ಇಬ್ಬರೇ. ‘ಹಾಗಾದರೆ ಉಳಿದ ಮೂರು?’ ನಾವೆಲ್ಲ ಸುಮ್ಮನಿದ್ದೆವು. ‘ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಒಬ್ಬನ ತಲೆ ಮೇಲೆ ಬರಬಾರದು ನೋಡಿ, ಅದಕ್ಕೆ’ ಅಂದರು. ಆಮೇಲೆ ಪ್ರಶ್ನೆ ನಿಲ್ಲಿಸುವುದೇ ಕಷ್ಟವಾಯಿತು.

ಪ್ರಶ್ನೆ ಕೇಳುವುದನ್ನು ಕಲಿಸಿದ್ದು ಇನ್ನೊಬ್ಬ ಅತಿಥಿ. ಅವರು ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಜನರಿಗೆ ನೆರವಾಗುವವರು. ಸರ್ಕಾರಿ ಕಾಗದ ನೋಡುವ ಹಕ್ಕನ್ನು ಸ್ವೀಡನ್ 1766ರಲ್ಲೇ ಕಾನೂನು ಮಾಡಿತ್ತು, ಅಮೆರಿಕ ಸರಿಯಾಗಿ 200 ವರ್ಷ ಬಿಟ್ಟು 1966ರಲ್ಲಿ, ಭಾರತ 2005ರಲ್ಲಿ ಅಂತ ಶುರು ಮಾಡಿದರು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಬೇರೆ ಮಾತು. ‘ರಸ್ತೆ ಯಾಕೆ ಹಾಳಾಗಿದೆ ಅಂತ ಕೇಳಿದರೆ ಜಾರಿಕೊಳ್ಳಬಹುದು. ಕಾಮಗಾರಿ ಮುಗಿದಿದೆ ಅಂತ ಬರೆದ ಕಾಗದದ ಪ್ರತಿ ಕೊಡಿ ಅಂದರೆ ಜಾರುವುದು ಕಷ್ಟ.’

ಇದನ್ನು ನಾವು ನಮ್ಮ ಪ್ರಶ್ನೆ ಚೀಟಿಗಳಿಗೂ ಅನ್ವಯಿಸಿದೆವು. ಕಾರ್ಯಕ್ರಮಕ್ಕೆ ಎರಡು ದಿನ ಮೊದಲು ಕೂತು ಪ್ರಶ್ನೆ ಬರೆಯುತ್ತಿದ್ದೆವು. ‘ಭ್ರಷ್ಟಾಚಾರದ ಬಗ್ಗೆ ನಿಮ್ಮ ಅಭಿಪ್ರಾಯ?’ ಅನ್ನುವ ಥರದ್ದು ಬಂದರೆ ವಾಪಸ್. ಎಷ್ಟು, ಯಾವಾಗ, ಯಾರ ಸಹಿ, ಆಮೇಲೆ ಏನಾಯಿತು, ಇಂಥ ಪ್ರಶ್ನೆಗಳು ಒಳಗೆ. ಮೊದಲ ಪ್ರಶ್ನೆ ಯಾವಾಗಲೂ ಮೊದಲ ವರ್ಷದವರದ್ದು. ಹಿರಿಯರು ಮೊದಲು ಎದ್ದರೆ ಉಳಿದವರು ಬಾಯಿ ತೆರೆಯುವುದೇ ಇಲ್ಲ.

ಕೆಲಸದಲ್ಲಿ ಇರುವ ಅಧಿಕಾರಿಗಳನ್ನು ಕರೆಯುವುದು ಕಷ್ಟದ ಬಾಬತ್ತು. ಮಾತಾಡಿದ್ದು ಹೊರಗೆ ಹೋದರೆ ಅನ್ನುವ ಭಯ. ಇದಕ್ಕೆ ಚಾಥಮ್ ಹೌಸ್ ನಿಯಮ ಅಂತ ಒಂದಿದೆ. ಲಂಡನ್ನಿನ ಸಂಸ್ಥೆಯೊಂದು 1927ರಲ್ಲಿ ಮಾಡಿಕೊಂಡದ್ದು. ಕೇಳಿದ್ದನ್ನು ನೀವು ಎಲ್ಲಿ ಬೇಕಾದರೂ ಬಳಸಬಹುದು, ಆದರೆ ಹೇಳಿದವರು ಯಾರು, ಯಾವ ಕಚೇರಿಯವರು ಅನ್ನುವುದನ್ನು ಹೊರಗೆ ಹೇಳುವ ಹಾಗಿಲ್ಲ. ನಾವು ಅದನ್ನೇ ಬೋರ್ಡಿನ ಮೇಲೆ ಬರೆದು ಕಾರ್ಯಕ್ರಮ ಶುರು ಮಾಡಿದೆವು. ಆ ದಿನ ರಾತ್ರಿಯೇ ನಮ್ಮ ಸದಸ್ಯನೊಬ್ಬ ಆ ಅಧಿಕಾರಿಯ ಒಂದು ಮಾತನ್ನು ಹೆಸರು, ಫೋಟೋ ಸಮೇತ ಸ್ಟೇಟಸ್ ಹಾಕಿಬಿಟ್ಟಿದ್ದ! ಅವನಿಗೆ ಅದು ಅಭಿಮಾನ, ಅಷ್ಟೇ. ತೆಗೆಸುವಷ್ಟರಲ್ಲಿ ಎರಡು ಗಂಟೆ ಆಗಿತ್ತು. ಮಾರನೇ ದಿನ ಅವರ ಮುಂದೆ ನಿಂತು ಕ್ಷಮೆ ಕೇಳಿದೆ. ಬೈಯಲಿಲ್ಲ. ಮತ್ತೆ ಬರಲೂ ಇಲ್ಲ. ಅಲ್ಲಿಂದಾಚೆ ಬಾಗಿಲಲ್ಲೇ ಫೋನ್ ಇಸ್ಕೊಂಡು ಡಬ್ಬಕ್ಕೆ ಹಾಕುತ್ತಿದ್ದೆವು.

ಚುನಾವಣೆ ಹೊತ್ತಿನಲ್ಲಿ ಎರಡು ಪಕ್ಷದವರನ್ನೂ ಕರೆದೆವು. ಇಬ್ಬರಿಗೂ ಒಂದೇ ಪತ್ರ, ಅಷ್ಟೇ ನಿಮಿಷ, ಯಾರು ಮೊದಲು ಅನ್ನುವುದಕ್ಕೆ ಚೀಟಿ ಎತ್ತುವುದು. ಬೆಳಿಗ್ಗೆ ಒಬ್ಬರು ಬರಲ್ಲ ಅಂದರು. ನಾನು ಕಾರ್ಯಕ್ರಮವನ್ನೇ ರದ್ದು ಮಾಡಿದೆ. ಒಬ್ಬರೇ ಮಾತಾಡಿದರೆ ಕ್ಲಬ್ಬಿಗೆ ಪಕ್ಷದ ಹಣೆಪಟ್ಟಿ ಬೀಳುತ್ತದೆ ಅಂತ ನನ್ನ ಲೆಕ್ಕ. ಈಗ ಅನ್ನಿಸುತ್ತದೆ, ಬಂದವರನ್ನು ವಾಪಸ್ ಕಳಿಸಿದ್ದು ತಪ್ಪು. ಒಬ್ಬರು ಬರದಿದ್ದರೆ ಏನು ಮಾಡುತ್ತೇವೆ ಅನ್ನುವುದನ್ನು ಪತ್ರದಲ್ಲೇ ಬರೆದಿದ್ದರೆ ಆ ಗೊಂದಲವೇ ಇರುತ್ತಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ನೆನಪಿನ ಕಾಣಿಕೆ ಕೊಡುತ್ತಿರಲಿಲ್ಲ. ಸಮಯ ಸಾಲದೆ ಉಳಿದ ಚೀಟಿಗಳಲ್ಲಿ ಮೂರು ನಾಲ್ಕು ಆರಿಸಿ, ಎರಡು ದಿನದೊಳಗೆ ಧನ್ಯವಾದದ ಪತ್ರದ ಜೊತೆ ಕಳಿಸುತ್ತಿದ್ದೆವು. ಎಷ್ಟೋ ಜನ ಉತ್ತರ ಬರೆಯಲಿಲ್ಲ. ಗುಮಾಸ್ತರು ಬರೆದರು. ಎರಡು ಹಾಳೆ, ಎಡಗಡೆ ಅಂಚು ಬಿಟ್ಟು, ಪ್ಯಾರಾಗಳಿಗೆ ನಂಬರ್ ಹಾಕಿ, ಕೊನೆಯಲ್ಲಿ ಸಹಿ, ತಾರೀಖು ಸಮೇತ.