ಉಗ್ರಾಣದ ಕಪಾಟು: ಹಲಗೆ ಬೇಕಾದಲ್ಲಿಗೆ ಸರಿಸಿ

ಉಗ್ರಾಣದ ಹಲಗೆಗಳನ್ನು ಮೊಳೆ ಹೊಡೆದು ಕೂರಿಸಿಬಿಟ್ಟರೆ ಮುಂದೆ ತಾಪತ್ರಯ ತಪ್ಪಿದ್ದಲ್ಲ. ಎತ್ತರದ ಡಬ್ಬ ತಂದ ದಿನ ಅದು ಒಳಗೆ ಹೋಗುವುದಿಲ್ಲ. ಗಿಡ್ಡ ಡಬ್ಬಗಳ ಮೇಲೆ ಒಂದು ಗೇಣು ಜಾಗ ಸುಮ್ನೆ ಖಾಲಿ ಬಿದ್ದಿರುತ್ತದೆ. ಹಲಗೆಯನ್ನು ಮೇಲೆ ಕೆಳಗೆ ಸರಿಸುವ ಹಾಗಿದ್ದರೆ ಈ ರಗಳೆ ಇಲ್ಲ. ಪಕ್ಕದ ಹಲಗೆಗಳಲ್ಲಿ ಸಾಲಾಗಿ ತೂತು ಕೊರೆದು, ಬೇಕಾದ ಎತ್ತರದಲ್ಲಿ ಚಿಕ್ಕ ಪಿನ್ ಸಿಕ್ಕಿಸಿ, ಅವುಗಳ ಮೇಲೆ ಹಲಗೆ ಕೂರಿಸುವುದು, ಅಷ್ಟೇ. ಇಂಥ ಕಪಾಟನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಕೈಡ್ರಿಲ್, ಒಂದೆರಡು ಕ್ಲಾಂಪ್, ಮೂಲೆಮಟ್ಟ, ಟೇಪು ಇದ್ದರೆ ಸಾಕು. ಮರ ಕೊಯ್ಯುವ ಕೆಲಸವನ್ನು ಪ್ಲೈವುಡ್ ಮಾರುವವರ ಯಂತ್ರದಲ್ಲೇ ಮಾಡಿಸಿಕೊಳ್ಳಿ. ಅಂಚು ನೇರವಾಗಿ ಬರುತ್ತದೆ, ಅರ್ಧ ಶ್ರಮವೂ ಉಳಿಯುತ್ತದೆ.

ಮೊದಲು ಡಬ್ಬ ಅಳೆಯಿರಿ, ಗೋಡೆ ಆಮೇಲೆ. ಅತಿ ಎತ್ತರದ್ದು ಎಷ್ಟು, ಅತಿ ಅಗಲದ್ದು ಎಷ್ಟು ಎಂದು ಬರೆದುಕೊಳ್ಳಿ. ಆಳ 30 ಸೆಂ.ಮೀ. ಇದ್ದರೆ ಧಾರಾಳ. ಅದಕ್ಕಿಂತ ಜಾಸ್ತಿ ಮಾಡಿದರೆ ಹಿಂದೆ ಇಟ್ಟ ವಸ್ತು ಹಿಂದೆಯೇ ಮರೆತುಹೋಗುತ್ತದೆ.

ಅಗಲದಲ್ಲಿ ದುರಾಸೆ ಬೇಡ. ಹಲಗೆಯ ಮೇಲೆ ಹೇರುವ ಭಾರ ಅಷ್ಟೇ ಇದ್ದು ಉದ್ದ ಎರಡು ಪಟ್ಟಾದರೆ, ಅದು ಬಾಗುವುದು ಎರಡು ಪಟ್ಟಲ್ಲ, ಎಂಟು ಪಟ್ಟು. ಉದ್ದಕ್ಕೆ ತಕ್ಕಂತೆ ಭಾರವೂ ಹೆಚ್ಚಿದರೆ ಹದಿನಾರು ಪಟ್ಟು! 18 ಮಿ.ಮೀ. ದಪ್ಪದ ಪ್ಲೈವುಡ್ಡಿಗೆ 75 ಸೆಂ.ಮೀ. ಮೀರದ ಅಗಲ ಒಳ್ಳೆಯದು. ಪಾರ್ಟಿಕಲ್ ಬೋರ್ಡ್ ಅಗ್ಗ ಅಂತ ಆಸೆಪಡಬೇಡಿ. ಅದು ಬೇಗ ಬಾಗುತ್ತದೆ, ನೀರು ತಾಗಿದರೆ ಉಬ್ಬುತ್ತದೆ, ಪಿನ್ ಕೂರುವ ತೂತು ಉದುರುತ್ತದೆ.

ಒಂದೇ ಶೀಟಿನಲ್ಲಿ ಮುಗಿಸಿ

180 ಸೆಂ.ಮೀ. ಎತ್ತರ, 75 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಕಪಾಟು ಎಂದಿಟ್ಟುಕೊಳ್ಳೋಣ. ಎಂಟಡಿ ನಾಲ್ಕಡಿಯ, ಅಂದರೆ 244 x 122 ಸೆಂ.ಮೀ.ನ ಒಂದು ಶೀಟನ್ನು ಉದ್ದಕ್ಕೆ 30 ಸೆಂ.ಮೀ.ನ ನಾಲ್ಕು ಪಟ್ಟಿ ಮಾಡಿಸಿ. ಒಂದೊಂದು ಕೊಯ್ತಕ್ಕೂ ಗರಗಸ ತಿನ್ನುವ ಮೂರು ಮಿ.ಮೀ.ಗಳನ್ನು ಲೆಕ್ಕ ಹಾಕಿದರೂ ಸುಮಾರು ಒಂದು ಸೆಂ.ಮೀ. ಮಿಗುತ್ತದೆ. ಎರಡು ಪಟ್ಟಿಗಳಿಂದ 180 ಸೆಂ.ಮೀ.ನ ಎರಡು ಪಕ್ಕದ ಹಲಗೆ. ಮೂರನೆಯದರಿಂದ 71.4 ಸೆಂ.ಮೀ.ನ ಮೂರು ತುಂಡು: ಮೇಲಿನದು, ತಳದ್ದು, ಮಧ್ಯದ್ದು. ಈ ಮೂರು ಅಲುಗಾಡುವುದಿಲ್ಲ. ನಾಲ್ಕನೆಯದರಿಂದ ಸರಿಸುವ ಮೂರು ಹಲಗೆ. ಅವುಗಳ ಉದ್ದ 71.2 ಸೆಂ.ಮೀ., ಅಂದರೆ 2 ಮಿ.ಮೀ. ಕಮ್ಮಿ. ಈ ಸಂದು ಇಲ್ಲದಿದ್ದರೆ ಹಲಗೆ ಸಿಕ್ಕಿಹಾಕಿಕೊಳ್ಳುತ್ತದೆ. ಐದಾರು ಮಿ.ಮೀ. ಬಿಟ್ಟರೆ ಪಿನ್ನಿನಿಂದ ಜಾರುವ ಭಯ.

ಮಧ್ಯದ ಹಲಗೆಯನ್ನೂ ಸರಿಸುವ ಹಾಗೆ ಮಾಡಬಾರದೇ ಎಂದು ಕೇಳಬಹುದು. ಬೇಡ. ಎತ್ತರದ ಪಕ್ಕದ ಹಲಗೆಗಳು ಕಾಲಕ್ರಮದಲ್ಲಿ ಹೊರಗೆ ಬಾಗುತ್ತವೆ. ಆಗ ಸಂದು ದೊಡ್ಡದಾಗಿ ಹಲಗೆ ಕೆಳಗೆ ಬೀಳುತ್ತದೆ. ನಡುವೆ ಒಂದನ್ನು ಸ್ಕ್ರೂ ಹಾಕಿ ಬಿಗಿದರೆ ಆ ಎರಡೂ ಪಕ್ಕಗಳು ಕೈಹಿಡಿದುಕೊಂಡಿರುತ್ತವೆ.

ತೂತು ಕೊರೆಯುವುದು

ಇಲ್ಲೇ ಕೆಲಸ ಕೆಡುವುದು. ಒಂದು ಹಲಗೆಗೆ ನಾಲ್ಕು ಪಿನ್. ನಾಲ್ಕರಲ್ಲಿ ಒಂದು ಸ್ವಲ್ಪ ಮೇಲೆ ಹೋದರೂ ಹಲಗೆ ಕಾಲು ಮೋಟಾದ ಮಣೆಯ ಹಾಗೆ ಕುಣಿಯುತ್ತದೆ. ಟೇಪು ಹಿಡಿದು ಒಂದೊಂದೇ ತೂತಿಗೆ ಗುರುತು ಹಾಕುತ್ತಾ ಹೋದರೆ ಎಲ್ಲೋ ಒಂದು ಕಡೆ ತಪ್ಪುವುದು ಖಂಡಿತ. ಅದಕ್ಕೇ ತೂತಿನ ಪಟ್ಟಿ ಬೇಕು, ಅಂದರೆ ಹಲಗೆಯ ಮೇಲಿಟ್ಟು ಅದರ ತೂತುಗಳ ಮೂಲಕವೇ ಕೊರೆಯುವ ಅಚ್ಚು.

ಪಕ್ಕದ ಹಲಗೆ ಕೊಯ್ದಾಗ ಉಳಿದ 64 ಸೆಂ.ಮೀ. ತುಂಡಿನಲ್ಲಿ 8 ಸೆಂ.ಮೀ. ಅಗಲದ ಪಟ್ಟಿ ತೆಗೆದುಕೊಳ್ಳಿ. ಒಂದು ಅಂಚಿನಿಂದ 4 ಸೆಂ.ಮೀ. ಒಳಗೆ ನೇರ ಗೆರೆ ಎಳೆಯಿರಿ. ಅದರ ಮೇಲೆ 32 ಮಿ.ಮೀ.ಗೆ ಒಂದರಂತೆ 5 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಆರಪಾರ ತೂತು ಕೊರೆಯಿರಿ. ಕಾರ್ಖಾನೆಯ ಕಪಾಟುಗಳಲ್ಲೂ ಇದೇ 32 ಮಿ.ಮೀ. ಅಂತರ. ಮನೆಗೆ 5 ಸೆಂ.ಮೀ. ಅಂತರವೂ ನಡೆಯುತ್ತದೆ. ಪಟ್ಟಿಯ ಒಂದು ತುದಿಗೆ ‘ಕೆಳಗೆ’ ಎಂದು ಎರಡೂ ಮೈಮೇಲೆ ದೊಡ್ಡದಾಗಿ ಬರೆಯಿರಿ.

ಪಟ್ಟಿಯಲ್ಲಿ ಅಂತರ ಅಲ್ಪಸ್ವಲ್ಪ ಹೆಚ್ಚುಕಮ್ಮಿಯಾದರೆ ಚಿಂತೆಯಿಲ್ಲ. ಅದೇ ಹೆಚ್ಚುಕಮ್ಮಿ ನಾಲ್ಕೂ ಸಾಲಿಗೆ ಬರುತ್ತದೆ, ಹಲಗೆ ಮಟ್ಟವಾಗಿಯೇ ಕೂರುತ್ತದೆ. ಆದರೆ ತೂತು ಓರೆಯಾಗಿರಬಾರದು. ಪಟ್ಟಿಯನ್ನು ಮಗುಚಿ ಹಾಕಿದಾಗ ಆ ಓರೆ ಉಲ್ಟಾ ದಿಕ್ಕಿಗೆ ತಿರುಗಿ, ಮಟ್ಟ ಹೋಗುತ್ತದೆ. ಆದ್ದರಿಂದ ಪಟ್ಟಿಯ ತೂತುಗಳನ್ನು ಮಾತ್ರ ಸ್ಟ್ಯಾಂಡ್ ಡ್ರಿಲ್ ಇರುವ ಬಡಗಿಯ ಹತ್ತಿರ ಹಾಕಿಸುವುದು ವಾಸಿ.

ಈಗ ಎರಡೂ ಪಕ್ಕದ ಹಲಗೆಗಳನ್ನು ಒಳಮೈ ಮೇಲಾಗಿ ಜೋಡಿಸಿ ಮಲಗಿಸಿ. ಮುಂದಿನ ಅಂಚು ಯಾವುದು, ಬುಡ ಯಾವುದು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ತಳದ ಹಲಗೆಗೆ ನೆಲದಿಂದ 6 ಸೆಂ.ಮೀ. ಮೇಲೆ, ಮಧ್ಯದ ಹಲಗೆಗೆ 90 ಸೆಂ.ಮೀ. ಹತ್ತಿರ ಎರಡರ ಮೇಲೂ ಒಟ್ಟಿಗೆ ಗೆರೆ ಎಳೆಯಿರಿ. ಪಟ್ಟಿಯ ‘ಕೆಳಗೆ’ ತುದಿಯನ್ನು ತಳದ ಗೆರೆಯಿಂದ 15 ಸೆಂ.ಮೀ. ಮೇಲೆ ಕೂರಿಸಿ, ಅಂಚಿಗೆ ಅಂಚು ಸೇರಿಸಿ ಕ್ಲಾಂಪ್ ಬಿಗಿಯಿರಿ. ಮುಂದಿನ ಸಾಲು ಕೊರೆದ ಮೇಲೆ ಪಟ್ಟಿಯನ್ನು ಪುಸ್ತಕದ ಹಾಳೆ ತಿರುವಿದಂತೆ ಮಗುಚಿ, ಅದೇ ಅಂಚನ್ನು ಹಿಂದಿನ ಅಂಚಿಗೆ ಸೇರಿಸಿ. ಬುಡ ಬುಡವಾಗಿಯೇ ಇರಬೇಕು. ಮಧ್ಯದ ಗೆರೆಯಿಂದ ಮೇಲಿನ ಭಾಗಕ್ಕೂ ಹೀಗೇ.

ತೂತಿನ ಆಳ 11 ಮಿ.ಮೀ. ಸಾಕು. ಪಟ್ಟಿಯ ದಪ್ಪ 18 ಸೇರಿಸಿದರೆ ಡ್ರಿಲ್ಲಿನ ಬಿಟ್ 29 ಮಿ.ಮೀ. ಹೊರಗಿರಬೇಕು. ಇದರ ಗುರುತಿಗೆ ಬಿಟ್ಟಿನ ಮೇಲೆ ಅಂಟುಟೇಪು ಸುತ್ತುವವರಿದ್ದಾರೆ. ನಾಲ್ಕು ತೂತು ಆಗುವಷ್ಟರಲ್ಲಿ ಟೇಪು ಮೇಲಕ್ಕೆ ಜರುಗಿ, ಐದನೆಯದು ಹಲಗೆಯ ಆಚೆ ಕಡೆ ಇಣುಕುತ್ತದೆ. ಒಂದು ಚಿಕ್ಕ ಮರದ ತುಂಡಿಗೆ ತೂತು ಹಾಕಿ ಬಿಟ್ಟಿಗೆ ಪೋಣಿಸಿಬಿಡಿ. ಡ್ರಿಲ್ಲಿನ ಬಾಯಿ ಆ ತುಂಡಿಗೆ ತಾಗಿ ತಾನೇ ನಿಲ್ಲುತ್ತದೆ.

ಜೋಡಣೆ

ಮರದ ಅಂಟು ಹಚ್ಚಿ, 3 ಮಿ.ಮೀ. ಬಿಟ್ಟಿನಲ್ಲಿ ದಾರಿ ಕೊರೆದು, 50 ಮಿ.ಮೀ. ಸ್ಕ್ರೂ ಹಾಕಿ. ಒಂದೊಂದು ತುದಿಗೆ ಮೂರು. ಅಂಟು ಒಣಗುವ ಮೊದಲೇ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಇದ್ದರೆ ಚೌಕಟ್ಟು ನೆಟ್ಟಗಿದೆ. ಇಲ್ಲದಿದ್ದರೆ ಉದ್ದವಿರುವ ಕಡೆಯ ಮೂಲೆಗಳನ್ನು ಒತ್ತಿ ಸರಿಮಾಡಿ, ಕೂಡಲೇ 6 ಮಿ.ಮೀ. ಪ್ಲೈವುಡ್ಡನ್ನು ಬೆನ್ನಿಗೆ ಮೊಳೆ ಹೊಡೆಯಿರಿ. ಬೆನ್ನು ಬಿದ್ದ ಮೇಲೆ ಕಪಾಟು ಅಲ್ಲಾಡುವುದಿಲ್ಲ.

ಉಪ್ಪುಕಾಗದದಲ್ಲಿ 120, ಆಮೇಲೆ 220 ನಂಬರಿನಿಂದ ಉಜ್ಜಿ ಪಾಲಿಶ್ ಹಚ್ಚಿ. ನೆಲಕ್ಕೆ ತಾಗುವ ಬುಡಗಳಿಗೆ ಎರಡು ಸಲ ಹಚ್ಚಿ. ನೆಲ ಒರೆಸಿದ ನೀರನ್ನು ಹೀರುವುದು ಅವೇ. ಪಿನ್ ತೂತಿನೊಳಗೆ ಮಾತ್ರ ಪಾಲಿಶ್ ಇಳಿಯದಿರಲಿ, ಇಳಿದರೆ ಪಿನ್ ಹೋಗುವುದಿಲ್ಲ. ವಾಸನೆ ಪೂರ್ತಿ ಹೋಗುವ ತನಕ ತಿನ್ನುವ ಪದಾರ್ಥ ಇಡಬೇಡಿ.

ತುಂಬಿಸುವ ಮೊದಲು ಮೇಲ್ಭಾಗವನ್ನು ಎಲ್ ಬ್ರಾಕೆಟ್ ಹಾಕಿ ಗೋಡೆಗೆ ಬಿಗಿಯಲೇಬೇಕು. ಮಕ್ಕಳಿಗೆ ಇದು ಏಣಿ ತಾನೇ! ಒಂದು ಲೀಟರಿನ ನೀರಿನ ಬಾಟಲಿ ಒಂದು ಕಿಲೋ. ಇಷ್ಟಗಲದ ಹಲಗೆಯ ಮೇಲೆ ಎರಡು ಸಾಲಿನಲ್ಲಿ ಹದಿನಾಲ್ಕು ಸುಲಭವಾಗಿ ಕೂರುತ್ತವೆ. ಅದಕ್ಕಿಂತ ಭಾರ ಇಡುವುದಿದ್ದರೆ ಹಲಗೆಯ ಮುಂದಿನ ಅಂಚಿನ ಕೆಳಗೆ 4 ಸೆಂ.ಮೀ. ಎತ್ತರದ ಮರದ ರೀಪನ್ನು ಅಂಟಿಸಿ. ರೀಪಿನ ಎರಡೂ ತುದಿ ಪಿನ್ನಿಗೆ ತಾಗದಷ್ಟು ಗಿಡ್ಡವಿರಲಿ.

ಇಷ್ಟೆಲ್ಲ ಆದರೂ ಒಂದು ಹಲಗೆ ಅಲುಗಾಡಿದರೆ ಕೆಳಗೆ ಕಾಗದ ಮಡಚಿ ತುರುಕಬೇಡಿ. ತಪ್ಪಿದ ತೂತು ಯಾವುದೆಂದು ನೋಡಿ, ಅದಕ್ಕೆ ಅಂಟು ಹಚ್ಚಿದ ಮರದ ಗೂಟ ಬಡಿದು, ಮೇಲೆ ಸಮ ಮಾಡಿ. ಮರುದಿನ ಪಟ್ಟಿ ಇಟ್ಟು ಅಲ್ಲೇ ಹೊಸದಾಗಿ ಕೊರೆಯಿರಿ.